ಗೆಣಸಿಗೆ ಕಲಿಸಿದ್ದು

ಗೆಣಸಿನ ಮಡಿಯಲ್ಲಿ ಸಿಕ್ಕಿದ್ದಕ್ಕೆ ಗೆಣಸು ಅಂತಲೇ ಹೆಸರು.
ಮಣ್ಣು ಮೆತ್ತಿದ ಮೂತಿ, ಕೆಂಚು ಮೈ, ಬಾಲದ ತುದಿ ಮಾತ್ರ
ಸುಣ್ಣದ ಡಬ್ಬಿಗೆ ಅದ್ದಿ ತೆಗೆದ ಹಾಗೆ.
ಜಾತಿ ಯಾವುದು, ಕೇಳಿದರು ಸೊರಬದ ಪಶುವೈದ್ಯರು, ಚೀಟಿ ಬರೆಯುತ್ತ.
ಕಂಟ್ರಿ ಅಂದೆ. ಅದನ್ನೇ ಬರೆದರು.

ಆ ವರ್ಷ ನರಿಗಳು ನನ್ನ ಹದಿನೇಳು ಕೋಳಿ ಒಯ್ದಿದ್ದವು.
ಹದಿನೇಳು. ಗೋಡೆಯ ಮೇಲೆ ಇದ್ದಿಲಲ್ಲಿ ಗೀಟು ಎಳೆದಿದ್ದೆ,
ಹಾಲಿನ ಲೆಕ್ಕದ ಪಕ್ಕದಲ್ಲೇ.
"ಕೋವಿ ಗೀವಿ ಬೇಡ, ಗಾರ್ಡು ಕೇಸು ಹಾಕ್ತಾನೆ" ಎಂದ ಕೆರಿಯಪ್ಪ,
"ಕೊಲ್ಲೂದೂ ಬೇಡ. ಹೆದರಿದ ಒಂದು ನರಿ ಹತ್ತು ನರಿಗೆ ಹೇಳ್ತದೆ.
ನಾಯಿ ಕಲಿಸು. ಎಂಟು ತಿಂಗಳು ಬೇಕು.
ನಾಯಿಗಲ್ಲ ಮಾರಾಯ್ತಿ, ನಿನಗೆ."

ಮೊದಲು, ಕೋಳಿ ಮುಟ್ಟದ ಪಾಠ.
ಹೇಂಟೆಯ ಮುಂದೆ ಕೂರಿಸಿ, ಹಗ್ಗ ನನ್ನ ಹೆಬ್ಬೆರಳಿಗೆ ಸುತ್ತಿಕೊಂಡರೆ
ಅದರ ಮೈಯ ನಡುಕ ಹಗ್ಗದಲ್ಲಿ ನನ್ನ ತನಕ ಬರುತ್ತಿತ್ತು,
ಅನ್ನ ಕುದಿಯುವಾಗ ಮುಚ್ಚಳ ಅಲುಗಿದ ಹಾಗೆ.
ಒಂದು ಹೂಮರಿ ಸತ್ತಿತು. ಬೈಯಲಿಲ್ಲ.
ಸಂಜೆಯವರೆಗೂ ಅದರೆದುರೇ ಇಟ್ಟೆ.
ಅದು ಆ ಕಡೆ ನೋಡಲಿಲ್ಲ. ನಾನೂ.

ಆಮೇಲೆ ಸದ್ದು.
ಉಣ್ಣುವಾಗ ತಟ್ಟೆ ಬಡಿ, ಮೊದಲು ದೂರ, ಆಮೇಲೆ ಹತ್ತಿರ,
ಕಡೆಗೊಂದು ಗರ್ನಾಲು. ಹೊಟ್ಟೆ ತುಂಬುವಾಗ ಕೇಳಿದ್ದಕ್ಕೆ
ಯಾರೂ ಹೆದರುವುದಿಲ್ಲ ಎಂದ.
ಬಾವಿಕಟ್ಟೆಯಿಂದ ಅವನ ಹೆಂಡತಿ:
"ಅದಕೇ ಇವ್ರು ನನ್ನ ಬೈಗುಳಕ್ಕೆ ಹೆದರೂದಿಲ್ಲ."

ಮುಳ್ಳಿಗೆ ಸಿಕ್ಕ ನರಿಕೂದಲು, ಏಡಿಚಿಪ್ಪು ತುಂಬಿದ ಒಣ ಹಿಕ್ಕೆ,
ಮಗಳ ಹಳೇ ಕಾಲ್ಚೀಲದಲ್ಲಿ ಕಟ್ಟಿ ಗದ್ದೆಯುದ್ದ ಎಳೆದೆ.
ಗುತ್ಯಮ್ಮ ಕಾಲ್ಚೀಲ ಮೇಯಿಸ್ತಾಳೆ
ಅಂತ ಡೇರಿಯ ಸಾಲಿನಲ್ಲಿ ನಕ್ಕರು.

ಕೆರಿಯಪ್ಪನ ಮುದಿ ನಾಯಿ ಜಾಣಿ, ಎಡಗಿವಿ ಹಂದಿಗೆ ಕೊಟ್ಟವಳು.
ಎರಡರ ಕೊರಳಿಗೂ ಒಂದೇ ಹಗ್ಗ ಕಟ್ಟಿದೆವು.
ಅವಳು ನಿಂತಲ್ಲಿ ಇದು ಮುಗ್ಗರಿಸಿತು.
ಮುಗ್ಗರಿಸಿ ಮುಗ್ಗರಿಸಿ ನಿಲ್ಲುವುದು ಕಲಿಯಿತು.

ಕಷ್ಟದ್ದು, ಸುಮ್ಮನಿರುವುದು.
ಬೊಗಳುವುದು ಹೊಟ್ಟೆಯಿಂದಲೇ ಬರುತ್ತದೆ; ಇದಕ್ಕೆ ಮೂರು ತಿಂಗಳು ಬೇಕಾಯಿತು.
ಮೂತಿಯ ಮೇಲೆ ಎರಡು ಬೆರಳು. ಉಶ್.
ಬಸ್ಸಿಗೆ ಸುಮ್ಮನಿರು. ಮಂಗನಿಗೆ ಸುಮ್ಮನಿರು.
ನಡುರಾತ್ರಿ ಹಾಡುತ್ತ ಹೋಗುವ ಟ್ರ್ಯಾಕ್ಟರಿನವನಿಗೂ.
ನರಿ ಬದು ದಾಟುವ ತನಕ ಉಸಿರು ಕೂಡ ಒಳಗೇ.
ದಾಟಿತೋ, ಬೆರಳು ತೆಗೆದು, "ಹಿಡಿ".

ಶಿವರಾತ್ರಿಯ ಮಾರನೆ ದಿನ, ಮೊದಲ ರಾತ್ರಿ.
ಕೆರೆಯ ಹಿಂದೆ ಒಂದು ಊಳಿಟ್ಟಿತು, ಅದಕ್ಕೆ ಇನ್ನೊಂದು,
ಆಮೇಲೆ ಎಷ್ಟೋ.
ಹಿಡಿ ಎಂದೆ. ಹಗ್ಗ ಅಂಗೈ ಸುಟ್ಟು ಓಡಿತು.
ಬ್ಯಾಟರಿಯ ಬೆಳಕಲ್ಲಿ ಬಿಳಿ ಬಾಲದ ತುದಿ. ಆಮೇಲೆ ಅದೂ ಇಲ್ಲ.
ಬೊಗಳಿದ್ದು ಕೇಳಲಿಲ್ಲ. ಕಚ್ಚಾಟ ಕೇಳಲಿಲ್ಲ.
ಬೆಳಗಿನ ಜಾವ ಬಂತು. ಗಾಯವಿಲ್ಲ,
ಬಾಯಲ್ಲಿ ಒಂದು ಎಳೆ ಕೂದಲಿಲ್ಲ,
ಮೈಯೆಲ್ಲ ನರಿಯ ನಾತ.
ಜಾಣಿ ಮೂಸಿದಳು, ಹಲ್ಲು ತೋರಿಸಿದಳು,
ಹಗ್ಗ ಬಿಡುವಷ್ಟು ದೂರ ಹೋಗಿ ಮಲಗಿದಳು.
"ಕೆಟ್ಟಿತು. ಆಟಕ್ಕೆ ಕರೆದಾವೆ, ಇದು ಹೋಗಿದೆ.
ಬೇರೆ ಮರಿ ನೋಡು" ಎಂದ ಕೆರಿಯಪ್ಪ.

ನೋಡಲಿಲ್ಲ. ಗೋಡೆ ನೋಡಿದೆ.
ಹದಿನೆಂಟನೆಯ ಗೀಟು ಇನ್ನೂ ಬಿದ್ದಿಲ್ಲ. ಯುಗಾದಿ ಬಂದು ಹೋಯಿತು.
ದಿನಾ ಸಂಜೆ ಗೆಣಸು ಬದುವಿನುದ್ದ ಕಾಲೆತ್ತಿ ಬರುತ್ತದೆ,
ಒಂದು ಗೂಟವನ್ನೂ ಬಿಡದೆ, ಸರ್ವೆಯವನ ಹಾಗೆ.

ಮೊನ್ನೆ ದರಕು ಗುಡಿಸಲು ಹೋಗಿದ್ದೆ.
ಹುತ್ತದ ಹಿಂದೆ ಒಂದು ಬಿಲ, ಬಾಯಲ್ಲಿ ಏಡಿಚಿಪ್ಪು.
ನಾಲ್ಕು ಮರಿ, ಬೂದಿಬಣ್ಣ, ಕಣ್ಣು ಈಗಷ್ಟೇ ಬಿಟ್ಟವು.
ಧೂಳಿನಲ್ಲಿ ಗೆಣಸಿನ ಹೆಜ್ಜೆ, ಹಳತರ ಮೇಲೆ ಹೊಸತು.
ತಿರುಗಿದೆ. ಹತ್ತು ಮಾರು ಹಿಂದೆ ಕೂತಿತ್ತು,
ಕಲಿಸಿದ ಹಾಗೇ, ಬಾಯಿ ಮುಚ್ಚಿ, ಉಸಿರು ಒಳಗಿಟ್ಟು,
ನಾನು ಯಾವ ಬದು ದಾಟುತ್ತೇನೋ ಎಂದು ಕಾಯುತ್ತ.

ಜಲ್ಲೆ ಅರ್ಧವೂ ತುಂಬಿರಲಿಲ್ಲ. ಹೊತ್ತುಕೊಂಡು ಬಂದೆ.
ದರಕು ಸಿಕ್ತನೇ, ಕೇಳಿದ ಕೆರಿಯಪ್ಪ.
ಆ ಕಡೆ ಎಂತದೂ ಇಲ್ಲ ಅಂದೆ.